ಮೆಟ್ನರನ ಪಿಯಾನೋ ಕಾಂಚೆರ್ಟೊಗಳ ಧ್ವನಿಮುದ್ರಿಕೆಗಳು ಮತ್ತು ಮೈಸೂರಿನ ರಾಜಾಶ್ರಯ

ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರನು (1880–1951) ಪಿಯಾನೋ ಮತ್ತು ವಾದ್ಯವೃಂದಗಳಿಗಾಗಿ ಬರೆದ ಮೂರು ಕಾಂಚೆರ್ಟೊಗಳನ್ನು 1947ರಲ್ಲಿ ತಾನೇ ನುಡಿಸಿ, ಲಂಡನ್ನಿನ ಫಿಲ್‌ಹಾರ್ಮೋನಿಯಾ ವೃಂದದೊಡನೆ ಗ್ರಾಮಫೋನ್ ತಟ್ಟೆಗಳಿಗೆ ಮುದ್ರಿಸಿಕೊಟ್ಟನು. ಆ ಮುದ್ರಣಗಳಿಗೆ ಹಣವೊದಗಿಸಿದವರು ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರು. ಆದುದರಿಂದ ಅವು ಕನ್ನಡನಾಡಿನ ಇತಿಹಾಸಕಾರನಿಗೂ ವಿಚಾರಣೀಯವಾಗಿವೆ.

ಮೂರನೆಯ ಕಾಂಚೆರ್ಟೊ ಮಹಾರಾಜರಿಗೆ ಅರ್ಪಿತವಾಗಿದೆ. ಇದನ್ನು ಕಂಡು, ಕೃತಿಯು ಅವರ ಪ್ರೇರಣೆಯಿಂದಲೇ ಹುಟ್ಟಿತೆಂದು ಭಾವಿಸಲಾಗದು. ಅದರ ರಚನೆಯು 1943ರಲ್ಲಿಯೇ ಮುಗಿದಿತ್ತು. 1944ರ ಫೆಬ್ರವರಿಯಲ್ಲಿ ಏಡ್ರಿಯನ್ ಬೋಲ್ಟನ ನಾಯಕತ್ವದಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದಿತ್ತು. ಮೈಸೂರಿನ ನೆರವು ಬಂದದ್ದು ಆಮೇಲೆ. ವೀಣೆ ಶೇಷಣ್ಣನವರಿಗೂ ವಾಸುದೇವಾಚಾರ್ಯರಿಗೂ ದೊರೆತ ಆಶ್ರಯವು ಆಸ್ಥಾನದಲ್ಲಿ, ದೊರೆಯ ಸಮ್ಮುಖದಲ್ಲಿ ಸಂದದ್ದು. ಮೆಟ್ನರನಾದರೋ ಮೈಸೂರನ್ನು ಕಂಡವನಲ್ಲ. ಅರುವತ್ತೇಳರ ವಯಸ್ಸಿನ, ಹೃದ್ರೋಗದಿಂದ ಬಳಲಿದ್ದ ಆತನ ಸ್ವಹಸ್ತದ ವಾದನವನ್ನು ಉಳಿಸಿದುದೇ ಈ ಆಶ್ರಯದ ವಿಶೇಷ.

ವಾದನದ ಗುಣವೂ ಈ ಶ್ರಮವನ್ನು ಸಾರ್ಥಕಗೊಳಿಸುತ್ತದೆ. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸ್ಸೈ ಡೋಬ್ರೊವೆನ್ ವೃಂದನಾಯಕರು. ವೃಂದವನ್ನು ಗೆಲ್ಲಬೇಕೆಂಬ ಹಟವು ಮೆಟ್ನರನಲ್ಲಿಲ್ಲ. ಒಂದರೊಳಗೊಂದು ಹೆಣೆದ ಸ್ವರಧಾರೆಗಳು ಪ್ರತ್ಯೇಕವಾಗಿ ಕೇಳಿಸುತ್ತವೆ. ‘ಬಲ್ಲಾಡ್’ ಎಂಬ ಹೆಸರಿನ ಮೂರನೆಯ ಕೃತಿಯಲ್ಲಿ ಪಿಯಾನೋ ಕಥೆ ಹೇಳುವವನಂತೆ ಸಾವಧಾನವಾಗಿ ಸಾಗುತ್ತದೆ. ಕೊರತೆಯೆಂದರೆ ಅಂದಿನ ತಟ್ಟೆಯದು: ಒಂದು ಮಗ್ಗುಲಿಗೆ ನಾಲ್ಕೈದು ನಿಮಿಷವಷ್ಟೇ ಹಿಡಿಯುತ್ತಿದ್ದುದರಿಂದ ಸಂಗೀತವು ನಡುನಡುವೆ ತುಂಡಾಗುತ್ತಿತ್ತು. ಮುಂದೆ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಬಂದ ಮರುಮುದ್ರಣದಿಂದ ಈ ಕೊರತೆ ನೀಗಿದೆ.

ಇನ್ನೊಂದು ಸಂಗತಿಯನ್ನು ಮರೆಯಲಾಗದು. ಅದೇ 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರಕಾರವನ್ನು ಬೇಡಿ ‘ಮೈಸೂರು ಚಲೋ’ ಚಳವಳಿಯು ನಡೆಯಿತು, ಅಕ್ಟೋಬರಿನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ದೂರದೇಶದ ಕಲಾವಿದನ ಮೊರೆಯನ್ನು ಆಲಿಸಿದ ದೊರೆಯೂ ತನ್ನ ಪ್ರಜೆಗಳು ಬೀದಿಗಿಳಿದ ಮೇಲೆಯೇ ಅಧಿಕಾರವನ್ನು ಬಿಟ್ಟುಕೊಟ್ಟ ದೊರೆಯೂ ಒಬ್ಬರೇ. ಮಂಗಳೂರು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಬಿಜೈಯಲ್ಲಿದ್ದು ಈ ಮುದ್ರಿಕೆಗಳನ್ನು ಕೇಳುವ ನಮಗೆ ಅರಮನೆಯ ಋಣವೂ ಇಲ್ಲ, ಹಗೆಯೂ ಇಲ್ಲ; ಎರಡನ್ನೂ ತೂಗಿ ನೋಡುವುದು ನಮಗೆ ಅಷ್ಟೊಂದು ಕಷ್ಟವಲ್ಲ. ಸಂಗೀತದ ಹಿರಿಮೆಯು ಆಳಿಕೆಗೆ ಯೋಗ್ಯತಾಪತ್ರವಾಗದು. ಆಳಿಕೆಯ ಲೋಪವು ಸಂಗೀತಕ್ಕೆ ಕುಂದಾಗದು. ಮೈಸೂರಿನ ಕಲಾಪೋಷಣೆಯ ಚರಿತ್ರೆಯನ್ನು ಬರೆಯಹೊರಡುವವರು ಅರಮನೆಯ ಕಾಗದಪತ್ರಗಳನ್ನು ಮಾತ್ರವಲ್ಲದೆ ಚಳವಳಿಯ ದಾಖಲೆಗಳನ್ನೂ ಜೊತೆಯಲ್ಲಿಟ್ಟು ಓದುವುದು ಅವಶ್ಯ.