ಗಾಲಿಯ ಮೇಲಿನ ಮನೆ

ಕನ್ನಡದ ಪ್ರವಾಸ ಸಾಹಿತ್ಯಕ್ಕೆ ಈಚೆಗೆ ಹೊಸದೊಂದು ಬಗೆ ಸೇರಿದೆ. ಯುರೋಪಿನಲ್ಲಿ ನೌಕರಿ ಮಾಡುವ ನಮ್ಮ ಮಕ್ಕಳು ಬರೆಯುವ ಬರಹ ಅದು. ರಜೆ ಸಿಕ್ಕಿತು, ಮೋಟರ್‌ಹೋಮ್ ಬಾಡಿಗೆಗೆ ಹಿಡಿದೆವು, ಯಾವ ಯೋಜನೆಯೂ ಇಲ್ಲದೆ ಸ್ವೀಡನ್, ನಾರ್ವೆಯ ಕಡೆ ಹೊರಟೆವು ಎಂದು ಶುರುವಾಗುತ್ತದೆ. ಮೋಟರ್‌ಹೋಮ್ ಎಂದರೆ ಮಲಗುವ ಮಂಚ, ಒಲೆ, ನೀರಿನ ಟಾಕಿ, ಪಾಯಖಾನೆ ಎಲ್ಲವೂ ಒಳಗೇ ಇರುವ ದೊಡ್ಡ ವ್ಯಾನು. ಇಂಥ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತಿದೆ: ‘ಮನಸ್ಸಿಗೆ ಬಂದಲ್ಲಿ ಗಾಡಿ ನಿಲ್ಲಿಸಿದೆವು.’ ನನಗೆ ತಕರಾರು ಇರುವುದು ಈ ಮಾತಿನ ಬಗ್ಗೆ.

ಅಲ್ಲಿಯ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. 1936ರಲ್ಲಿ ತೆರೆದ, ಹನ್ನೊಂದು ತಿರುವುಗಳ ಟ್ರೋಲ್‌ಸ್ಟಿಗನ್ ಘಾಟು, ಮಧ್ಯರಾತ್ರಿಯಲ್ಲೂ ಮುಳುಗದ ಸೂರ್ಯ, ಎಂಟು ಸೇತುವೆಗಳಿಂದ ನಡುಗಡ್ಡೆಗಳನ್ನು ಪೋಣಿಸಿದ ಅಟ್ಲಾಂಟಿಕ್ ರಸ್ತೆ, ಇವನ್ನು ಓದಿದಾಗ ಕರಿಗಲ್ಲಿನ ಗುಡ್ಡಗಳ ನಡುವೆ ಬೆಳೆದ ನನಗೂ ಹೋಗಿಬರುವ ಆಸೆಯಾಗುತ್ತದೆ. ಆದರೆ ಬರೀ ನೋಟದಿಂದ ಪ್ರವಾಸ ಕಥನ ಆಗುವುದಿಲ್ಲ. ನಮ್ಮ ಸೀಮೆಗೆ ಹತ್ತಿರದ ಹಂಪೆಗೆ ಬಂದು ‘ಪಂಪಾಯಾತ್ರೆ’ ಬರೆದ ವಿ. ಸೀತಾರಾಮಯ್ಯನವರು, ಯುರೋಪು ಸುತ್ತಿ ‘ಅಪೂರ್ವ ಪಶ್ಚಿಮ’ ಬರೆದ ಕಾರಂತರು, 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಬರೆದ ಗೊರೂರರು ನಮಗೆ ಒಂದು ರೂಢಿ ಹಾಕಿಕೊಟ್ಟಿದ್ದಾರೆ. ನೋಡಿದ್ದರ ಜೊತೆಗೆ, ನೋಡುವವನು ಎಲ್ಲಿಂದ ಬಂದವನು ಎಂಬುದೂ ಓದುಗನಿಗೆ ತಿಳಿಯಬೇಕು. ಮೋಟರ್‌ಹೋಮಿನ ಬರಹಗಳಲ್ಲಿ ನಾನು ಹುಡುಕಿ ಕಾಣದೇ ಹೋಗುವುದು ಇದನ್ನೇ.

ಮನಸ್ಸಿಗೆ ಬಂದಲ್ಲಿ ನಿಲ್ಲುವುದಕ್ಕೆ ಮೊದಲು ಯಾರೋ ನಿಲ್ಲಗೊಡಬೇಕು. ನಾರ್ವೆಯಲ್ಲಿ 1957ರ ಕಾನೂನಿನಂತೆ ಸಾಗುವಳಿಯಿಲ್ಲದ ಭೂಮಿಯಲ್ಲಿ ಯಾರು ಬೇಕಾದರೂ ನಡೆಯಬಹುದು. ಜನರಿರುವ ಮನೆಯಿಂದ 150 ಮೀಟರ್ ದೂರದಲ್ಲಿ ಡೇರೆ ಹಾಕಿ ಎರಡು ರಾತ್ರಿ ತಂಗಬಹುದು. ಸ್ವೀಡನ್ ಇಂಥ ಹಕ್ಕನ್ನು 1994ರಲ್ಲಿ ಸಂವಿಧಾನದಲ್ಲಿಯೇ ಸೇರಿಸಿತು. ಆದರೆ ಈ ಹಕ್ಕು ಕಾಲಿಗೆ ಕೊಟ್ಟದ್ದು, ಗಾಲಿಗಲ್ಲ. ಅಲ್ಲಿ ರಸ್ತೆ ಬಿಟ್ಟು ಬಯಲಿಗೆ ವಾಹನ ಇಳಿಸುವುದನ್ನು 1975ರ ಕಾನೂನು ತಡೆಯುತ್ತದೆ. ಕೊಳಚೆ ನೀರನ್ನು ಗೊತ್ತುಮಾಡಿದ ಜಾಗದಲ್ಲೇ ಚೆಲ್ಲಬೇಕು. ಇಷ್ಟೆಲ್ಲ ಕಟ್ಟುಪಾಡು ಇರುವುದರಿಂದಲೇ ಆ ಸರೋವರಗಳು ತಿಳಿಯಾಗಿ ಉಳಿದಿವೆ. ಅದನ್ನು ಹೇಳದೆ ‘ಸ್ವಾತಂತ್ರ್ಯ’ ಎಂದಷ್ಟೇ ಬರೆದರೆ ಅರ್ಧ ಮಾತಾಯಿತು.

ಗಾಲಿಯ ಮೇಲೆ ಮನೆ ಕಟ್ಟಿಕೊಂಡು ಹೊರಡುವುದು ನಮಗೇನೂ ಹೊಸದಲ್ಲ. ನವಲಿಯ ಸುತ್ತಿನ ಹಳ್ಳಿಗಳಿಂದ ಹುಲಿಗೆಮ್ಮನ ಜಾತ್ರೆಗೆ, ಕನಕಗಿರಿಯ ತೇರಿಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಬಂಡಿಯ ಕೆಳಗೇ ಹಾಸಿಗೆ, ಮಗ್ಗುಲಿಗೇ ಮೂರು ಕಲ್ಲಿನ ಒಲೆ. ಆ ಬಂಡಿಗಳಿಗೆ ತಿರುಗಿ ಬರಲು ಊರಿನಲ್ಲಿ ಒಂದು ಮನೆ ಇರುತ್ತಿತ್ತು. ಕುಷ್ಟಗಿ, ಯಲಬುರ್ಗಾ ಕಡೆಯ ಕುರಿಗಾಹಿಗಳು ಮರಿ, ಮಕ್ಕಳು, ಪಾತ್ರೆ ಪಡಗ ಸಮೇತ ತಿಂಗಳುಗಟ್ಟಲೆ ಹೊರಗೇ ಇರುತ್ತಾರೆ. ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರವಾಗುತ್ತದೆಂದು ಅವರನ್ನು ಕರೆಯುವವರಿದ್ದಾರೆ. ಊರ ಹೊರಗೆ ಗುಡಾರ ಹಾಕುವ ಅಲೆಮಾರಿಗಳನ್ನು ಮಾತ್ರ ಯಾರೂ ಕರೆಯುವುದಿಲ್ಲ. ಗಾಯರಾಣ ಕರಗುತ್ತ ಬಂದಂತೆ ಅವರು ನಿಲ್ಲುವ ನೆಲವೂ ಕರಗಿದೆ. ಅವರ ಮಕ್ಕಳು ನನ್ನ ತರಗತಿಯಲ್ಲಿ ಎರಡು ತಿಂಗಳು ಕೂತು, ಮೂರನೆಯ ತಿಂಗಳಿಗೆ ಹಾಜರಿ ಪುಸ್ತಕದಲ್ಲಿ ಬರೀ ಗೈರಾಗಿ ಉಳಿಯುತ್ತಾರೆ.

ಮನೆಯಿದ್ದವರು ಅಲೆದರೆ ಪ್ರವಾಸ, ಮನೆಯಿಲ್ಲದವರು ಅಲೆದರೆ ಅಪರಾಧ ಎಂಬ ಕಾಲವೂ ಇತ್ತು. 1871ರಲ್ಲಿ ಬ್ರಿಟಿಷರು ತಂದ ಕಾಯಿದೆಯ ಬಲದಿಂದ ಮುಂದೆ ಎಷ್ಟೋ ಅಲೆಮಾರಿ ಜಾತಿಗಳನ್ನೇ ಕಳ್ಳರ ಪಟ್ಟಿಗೆ ಸೇರಿಸಿದರು. 1952ರಲ್ಲಿ ಆ ಕಾಯಿದೆ ರದ್ದಾಯಿತು. ಅವರನ್ನು ಕೂಡಿಹಾಕಿದ್ದ ಜಾಗಗಳಿಗೆ ಹುಬ್ಬಳ್ಳಿಯಲ್ಲಿ, ಗದಗದಲ್ಲಿ ಇವತ್ತಿಗೂ ಸೆಟ್ಲಮೆಂಟ್ ಎಂದೇ ಹೆಸರು.

ಇದು ನಮ್ಮ ದೇಶದ ಪಾಪ ಮಾತ್ರ ಎಂದುಕೊಂಡಿದ್ದರೆ ನಾರ್ವೆಯ ಕಥೆಯನ್ನೂ ಕೇಳಬೇಕು. ಕುದುರೆ ಬಂಡಿಯಲ್ಲಿ, ದೋಣಿಯಲ್ಲಿ ಅಲೆದು ಬದುಕುತ್ತಿದ್ದ ರೊಮಾನಿ ಜನ ಅಲ್ಲಿದ್ದರು. ತಾತರ್ ಎಂದೂ ಅವರನ್ನು ಕರೆಯುತ್ತಾರೆ. ಅವರ ಅಲೆದಾಟ ಬಿಡಿಸಬೇಕೆಂದು ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತು ಅನಾಥಾಲಯಗಳಿಗೆ ಸೇರಿಸಿದರು. ಸ್ವಾನ್‌ವಿಕೆನ್ ಎಂಬಲ್ಲಿ 1908ರಲ್ಲಿ ತೆರೆದ ಕೆಲಸದ ವಸಾಹತಿನಲ್ಲಿ ಕುಟುಂಬಗಳನ್ನಿರಿಸಿ, ಒಂದೆಡೆ ನೆಲೆ ನಿಲ್ಲುವುದನ್ನು ಕಲಿಸಿದರು. ಎಷ್ಟೋ ಹೆಣ್ಣುಮಕ್ಕಳಿಗೆ ಮಕ್ಕಳಾಗದಂತೆ ಶಸ್ತ್ರಕ್ರಿಯೆಯನ್ನೂ ಮಾಡಿದರು. ಆ ವಸಾಹತು ಮುಚ್ಚಿದ್ದು 1989ರಲ್ಲಿ. ಸರ್ಕಾರ ನೇಮಿಸಿದ ಸಮಿತಿ 2015ರಲ್ಲಿ ಇದನ್ನೆಲ್ಲ ವರದಿಯಾಗಿ ಮುಂದಿಟ್ಟಿತು.

ಸ್ವಾನ್‌ವಿಕೆನ್ ಇದ್ದದ್ದು ಐಡೆ ಎಂಬ ಸೀಮೆಯಲ್ಲಿ. ನಮ್ಮ ಪ್ರವಾಸಿಗರು ಬಾಯ್ತುಂಬ ಹೊಗಳುವ ಅಟ್ಲಾಂಟಿಕ್ ರಸ್ತೆಯ ಒಂದು ತುದಿ ಇರುವುದೂ ಅದೇ ಸೀಮೆಯಲ್ಲಿ. ಆ ರಸ್ತೆ ತೆರೆದದ್ದೂ 1989ರಲ್ಲೇ. ಅಲೆಯುವವರನ್ನು ಕಟ್ಟಿಹಾಕುವ ಮನೆ ಮುಚ್ಚಿದ ವರ್ಷವೇ, ಜಗತ್ತಿನ ಪ್ರವಾಸಿಗರು ಅಲೆಯಲು ಬರುವ ದಾರಿ ಪಕ್ಕದಲ್ಲಿ ತೆರೆದುಕೊಂಡಿತು. ಆ ಸೇತುವೆಗಳ ಮೇಲೆ ಹಾದುಹೋಗುವ ಕನ್ನಡದ ಬರಹಗಾರನಿಗೆ ಇದು ಕಾಣದಿದ್ದರೆ ಅವನು ನೋಡಿದ್ದು ಬರೀ ಸಮುದ್ರವನ್ನು.

ಇದರ ಅರ್ಥ ನಮ್ಮ ಮಕ್ಕಳು ಸಂತೋಷಪಡಬಾರದೆಂದಲ್ಲ. ಹೋಗಲಿ, ನೋಡಲಿ, ಬರೆಯಲಿ. ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿದ ಮೇಲೆ ನಮ್ಮ ಹೆಣ್ಣುಮಕ್ಕಳಿಗೂ ದೂರದ ದಾರಿಯ ಧೈರ್ಯ ಬಂದಿದೆ. ಆದರೆ ಬರೆಯುವಾಗ ಇಷ್ಟನ್ನಾದರೂ ತಿಳಿಸಲಿ: ಆ ಗಾಡಿಯೊಳಗೆ ಪಾತ್ರೆ ತೊಳೆದವರು ಯಾರು, ರಾತ್ರಿ ನಿಂತ ನೆಲ ಯಾರದು, ಯಾವ ಕಾನೂನು ನಿಮ್ಮನ್ನು ಅಲ್ಲಿ ನಿಲ್ಲಗೊಟ್ಟಿತು, ನಿಮಗಿಂತ ಮೊದಲು ಅಲ್ಲಿ ನಿಂತವರಿಗೆ ಏನಾಯಿತು. ಅಂಥ ಒಂದು ಬರಹ ಬಂದರೆ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸುತ್ತೇನೆ. ಗುಡಾರದಿಂದ ಬಂದು ಹಿಂದಿನ ಸಾಲಿನಲ್ಲಿ ಕೂತ ಮಗುವೂ ಅದನ್ನು ತನ್ನದೆಂದು ಕೇಳಬಹುದು.