ರಾಯಭಾರಿಯೂ ದೊರೆಸಾನಿಯೂ

ಭೀಮರಾಯನಗುಡಿಯಂಥ ಕ್ಯಾಂಪಿನಲ್ಲಿ ಸಂಸಾರ ಮಾಡಿದ ಹೆಂಗಸರಿಗೆ ಕಾರುಗಳ ಗುಣದೋಷ ಎಣಿಸುವ ಹಕ್ಕು ಒಂದಿಷ್ಟು ಹೆಚ್ಚೇ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿ, ಕ್ವಾರ್ಟರ್ಸುಗಳಿಂದ ಬೆಳೆದ ಊರಿದು. ಮನೆಯ ಮುಂದೆ ಜೀಪು ನಿಂತರೆ ಒಂದು ದರ್ಜೆ, ಬಿಳಿ ಅಂಬಾಸಿಡರ್ ನಿಂತರೆ ಅದಕ್ಕೂ ಮೇಲಿನ ದರ್ಜೆ. ಅಪರೂಪಕ್ಕೆ ಕಾಂಟೆಸಾ ಕಂಡಿತೋ, ದೊಡ್ಡವರಾರೋ ಬಂದರೆಂದೇ ಲೆಕ್ಕ.

ಎರಡೂ ಒಂದೇ ತಾಯಿಯ ಮಕ್ಕಳು. ಬಂಗಾಳದ ಉತ್ತರಪಾಡಾದಲ್ಲಿದ್ದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆ ಇವುಗಳ ತವರು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನಿಂದ 1950ರ ದಶಕದ ಕೊನೆಗೆ ಅಂಬಾಸಿಡರ್ ಹುಟ್ಟಿತು. ಅಲ್ಲಿಯದೇ ವಾಕ್ಸ್‌ಹಾಲ್ ವಿಕ್ಟರ್‌ನಿಂದ 1984ರಲ್ಲಿ ಕಾಂಟೆಸಾ. ಮೊದಲನೆಯದರ ಹೆಸರಿಗೆ ರಾಯಭಾರಿ ಎಂದರ್ಥ. ಎರಡನೆಯದು ಇಟಾಲಿಯನ್ ಮಾತು. ನಮ್ಮ ಕಡೆಯ ಭಾಷೆಯಲ್ಲಿ ದೊರೆಸಾನಿ ಅನ್ನಿ.

ಕೂಡುವ ಸುಖದಲ್ಲಿ ನನ್ನ ಓಟು ರಾಯಭಾರಿಗೆ. ಅದರ ಮಾಡು ಎತ್ತರ, ಸೀಟೂ ಎತ್ತರ. ಇಳಕಲ್ಲ ಸೀರೆಯ ನಿರಿಗೆ ಹಿಡಿದುಕೊಂಡು, ತಲೆ ತಗ್ಗಿಸದೆ ಹತ್ತಬಹುದು. ಹಿಂದಿನ ಸೀಟಿನಲ್ಲಿ ಅತ್ತೆ, ಎರಡು ಮಕ್ಕಳು, ಬುತ್ತಿಯ ಗಂಟು ಎಲ್ಲಕ್ಕೂ ಎಡೆಯುಂಟು. ಕಾಲುವೆ ದಂಡೆಯ ಎರೆಮಣ್ಣಿನ ದಾರಿಗೂ ಅದು ಜಗ್ಗುವುದಿಲ್ಲ. ಕೆಟ್ಟರೆ ಸಣ್ಣ ಊರಿನ ಮೇಸ್ತ್ರಿಯೂ ಬಿಚ್ಚಿ ಕಟ್ಟಬಲ್ಲ.

ನೋಟಕ್ಕೆ ಮಾತ್ರ ದೊರೆಸಾನಿಯೇ ಸರಿ. ಉದ್ದನೆಯ ಮೈ, ತಗ್ಗಾದ ನಿಲುವು, ಮೆತ್ತನೆಯ ಸೀಟು. ಆದರೆ ಮೊದಮೊದಲ ಕಾಂಟೆಸಾಗಳೊಳಗೆ ಇದ್ದದ್ದು ಅಂಬಾಸಿಡರಿನದೇ 1489 ಸಿ.ಸಿ. ಎಂಜಿನ್! ಅಷ್ಟು ದೊಡ್ಡ ಮೈ ಎಳೆಯಲು ಅದು ಸಾಲದಾಯಿತು. ಜರತಾರಿ ಉಟ್ಟವಳ ತಲೆಯ ಮೇಲೆ ಜೋಳದ ಚೀಲ ಹೊರಿಸಿದ ಹಾಗೆ. ಮುಂದೆ ಜಪಾನಿನ ಇಸುಜು ಎಂಜಿನ್ ಬಂದ ಮೇಲೆಯೇ ಅದರ ನಡಿಗೆಗೆ ಹೆಸರಿಗೊಪ್ಪುವ ಗತ್ತು ಬಂದದ್ದು.

ಇಷ್ಟೆಲ್ಲ ತೂಗಿ ನೋಡಿದ ಮೇಲೂ ನನ್ನದೊಂದು ತಕರಾರು ಉಳಿಯುತ್ತದೆ. ಈ ಎರಡರಲ್ಲೂ ಹೆಣ್ಣಿಗೆ ಮೀಸಲಾದದ್ದು ಹಿಂದಿನ ಸೀಟು. ಕಾರಿಗೆ ದೊರೆಸಾನಿಯ ಹೆಸರಿಟ್ಟವರು ದೊರೆಸಾನಿಯೇ ಕೀಲಿಕೈ ಹಿಡಿದಾಳೆಂದು ಎಣಿಸಿದ್ದರೇ? ಅಂಬಾಸಿಡರಿನ ಸ್ಟೇರಿಂಗ್ ತಿರುಗಿಸಲು ರಟ್ಟೆಯಲ್ಲಿ ಕಸುವು ಬೇಕಿತ್ತು. ಸರಕಾರಿ ಗಾಡಿಯಾದರಂತೂ ಅದು ಸಾಹೇಬರ ಕೆಲಸಕ್ಕೆ. ಹೆಂಡತಿ ಶಹಾಪುರದ ಸಂತೆಗೆ ಹೋಗಬೇಕಾದರೆ ಬಸ್ಸೇ ಗತಿ.

1983ರ ಕೊನೆಗೆ ಬಂದ ಪುಟ್ಟ ಮಾರುತಿಗೆ ಈ ಠೀವಿ ಒಂದೂ ಇರಲಿಲ್ಲ. ಆದರೆ ಹಗುರ ಸ್ಟೇರಿಂಗಿನ ಆ ಡಬ್ಬಿಯನ್ನು ನಡೆಸಲು ಎಷ್ಟೋ ಊರಿನ ಹೆಂಗಸರು ಕಲಿತರು. ಕಾಂಟೆಸಾ 2002ರಲ್ಲಿ ನಿಂತಿತು, ಅಂಬಾಸಿಡರ್ 2014ರಲ್ಲಿ. ಎರಡನ್ನೂ ನೆನೆದರೆ ಪ್ರೀತಿ ಉಕ್ಕುತ್ತದೆ, ನಿಜ. ಆದರೂ ಜ್ವರ ಬಂದ ಕೂಸನ್ನು ಯಾರನ್ನೂ ಕೇಳದೆ, ಯಾರಿಗೂ ಕಾಯದೆ ದವಾಖಾನೆಗೆ ಒಯ್ಯುವುದಕ್ಕಿಂತ ದೊಡ್ಡ ಐಷಾರಾಮ ಯಾವ ಮೆತ್ತನೆಯ ಸೀಟಿನಲ್ಲಿದೆ, ನೀವೇ ಹೇಳಿ.