ವಾಲ್ಡನ್ ಕೊಳದ ಐಸು, ಮದ್ರಾಸಿನ ಬಾಯಾರಿಕೆ

ಚೆನ್ನೈನಲ್ಲಿರುವ ನಮ್ಮಂಥ ಕನ್ನಡಿಗರಿಗೆ ಐಸ್ ಹೌಸ್ ಅಂದರೆ ಮೊದಲು ನೆನಪಾಗೋದು ಬಸ್ ಸ್ಟಾಪು. ಮರೀನಾ ಎದುರಿನ ಆ ದುಂಡು ಕಟ್ಟಡದಲ್ಲಿ 1897ರಲ್ಲಿ ವಿವೇಕಾನಂದರು ತಂಗಿದ್ದರು. 1963ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಟ್ಟರು. ಆದರೆ 1842ರಲ್ಲಿ ಅದನ್ನು ಕಟ್ಟಿದ್ದು ಅಮೆರಿಕದ ಐಸ್ ತುಂಬಿಡಲಿಕ್ಕೆ. ಇಂಗ್ಲೆಂಡಿನ ಜಮೀನ್ದಾರರ ಎಸ್ಟೇಟುಗಳಲ್ಲೂ ಐಸ್ ಮನೆಗಳಿದ್ದವು: ನೆಲದೊಳಗೆ ಇಟ್ಟಿಗೆಯ ಬಾವಿ, ತಮ್ಮದೇ ಕೆರೆಯ ಐಸು, ತಮ್ಮದೇ ಊಟಕ್ಕೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅದೇ ಐಸನ್ನು ಕಡಲಾಚೆಗೆ ಮಾರುವ ಸರಕು ಮಾಡಿದ. 1833ರಲ್ಲಿ ಅವನು ಕಲಕತ್ತೆಗೆ ಕಳಿಸಿದ 180 ಟನ್ನಿನಲ್ಲಿ ಸುಮಾರು 100 ಟನ್ ಕರಗದೆ ತಲುಪಿತು.

ಈ ವ್ಯಾಪಾರಕ್ಕೆ ಸಾಹಿತ್ಯದಲ್ಲಿ ಜಾಗ ಸಿಕ್ಕಿದ್ದು ಥೋರೋನ ‘ವಾಲ್ಡನ್’ (1854) ಪುಸ್ತಕದಲ್ಲಿ. ಚಳಿಗಾಲದ ಕೊಳದ ಅಧ್ಯಾಯದ ಕೊನೆಯಲ್ಲಿ, ಮದ್ರಾಸು, ಬೊಂಬಾಯಿ, ಕಲಕತ್ತೆಯ ಬೇಗೆಯ ಜನ ತನ್ನ ಬಾವಿಯ ನೀರು ಕುಡಿಯುತ್ತಾರೆಂದು ಆತ ಹಿಗ್ಗುತ್ತಾನೆ. ಗೀತೆ ಓದುತ್ತಾ, ವಾಲ್ಡನ್ ನೀರು ಗಂಗೆಯೊಡನೆ ಬೆರೆಯೋದನ್ನ ಕಾಣುತ್ತಾನೆ. ನಮ್ಮವರು ಈ ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ನನಗೆ ಗೋದಾಮು ತಪಾಸಣೆ ಮಾಡಿದ ಕಣ್ಣು, ಹಿಂದಿನ ಪುಟಕ್ಕೆ ಹೋಗುತ್ತದೆ. 1846-47ರ ಚಳಿಗಾಲದಲ್ಲಿ ನೂರು ಜನ ಐರಿಷ್ ಕೂಲಿಗಳು ದಿನಕ್ಕೆ 1,000 ಟನ್‌ವರೆಗೆ ಐಸ್ ಕೊಯ್ದರು, ಸುಮಾರು 10,000 ಟನ್ನಿನ ರಾಶಿ ಹಾಕಿದರು ಅಂತ ಆತನೇ ಬರೆದಿದ್ದಾನೆ. ನೂರಕ್ಕೆ ಇಪ್ಪತ್ತೈದು ಪಾಲೂ ಊರು ಮುಟ್ಟದು ಅನ್ನೋದು ಅವರದೇ ಲೆಕ್ಕ. ಅದೂ ನಡೆಯಲಿಲ್ಲ. ರಾಶಿಯ ಬಹುಪಾಲು ಮಾರುಕಟ್ಟೆಗೇ ಹೋಗದೆ, 1848ರ ಸೆಪ್ಟೆಂಬರ್ ಹೊತ್ತಿಗೆ ಕರಗಿ ಕೊಳಕ್ಕೇ ಮರಳಿತು. ಸ್ಟಾಕು ಗೋದಾಮಿನಲ್ಲೇ ಉಳಿದಿದೆ, ಪುಸ್ತಕದಲ್ಲಿ ಮಾತ್ರ ಮದ್ರಾಸಿಗೆ ರವಾನೆ!

ಕವಿಗೆ ಅಷ್ಟು ಸ್ವಾತಂತ್ರ್ಯ ಇರಲಿ ಬಿಡಿ. ನನ್ನ ತಕರಾರು ಬೇರೆ. ತನ್ನ ದಡದಲ್ಲಿ ಆತ ಕೂಲಿಗಳ ತಲೆ ಎಣಿಸುತ್ತಾನೆ, ಕೊಳಕ್ಕೆ ಜಾರಿ ಬಿದ್ದ ಒಬ್ಬನನ್ನು ತನ್ನ ಗುಡಿಸಲಿಗೆ ಕರೆದು ಬೆಚ್ಚಗೆ ಮಾಡುತ್ತಾನೆ. ನಮ್ಮ ದಡ ಬಂದಾಗ ಕಾಣೋದು ವೇದ ಓದುವ ಬ್ರಾಹ್ಮಣ, ಅವನಿಗೆ ನೀರು ಸೇದುವ ಸೇವಕ, ಅಷ್ಟೇ. ಆಗ ಮದ್ರಾಸಿಗೆ ಬಂದರು ಇರಲಿಲ್ಲ. ಹಡಗಿನ ಸರಕನ್ನೆಲ್ಲ ಮಸೂಲಾ ದೋಣಿಯವರು ಅಲೆ ಸೀಳಿ ದಡಕ್ಕೆ ತರಬೇಕಿತ್ತು. ಅವರು ಹೊತ್ತ ಐಸು ಹೋಗಿದ್ದು ಹೆಚ್ಚಾಗಿ ಬಿಳಿಯರ ಮೇಜಿಗೆ, ಕೆಲವು ಸಿರಿವಂತರ ಮನೆಗೆ. ‘ಮದ್ರಾಸಿನ ಜನ’ ಅಂದಾಗ ಥೋರೋ ಯಾರನ್ನು ಎಣಿಸಿದ?

ಪರಊರಲ್ಲಿ ಬಾಳಿದವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಊರಿನವರು ಅಂದಾಗ ನಮ್ಮನ್ನು ಸೇರಿಸ್ತಾರೋ ಇಲ್ಲವೋ ಅಂತ ನಾವು ಕಿವಿ ನಿಮಿರಿಸಿ ಕೇಳ್ತೀವಿ. ಆದರೆ ನಾವೂ ಮೂವತ್ತು ವರ್ಷ ಮರೀನಾದಲ್ಲಿ ವಾಕಿಂಗ್ ಮಾಡಿ, ಮೀನುಗಾರರ ಕುಪ್ಪಗಳ ಹೆಸರು ಕೇಳಿದರೆ ತಡವರಿಸ್ತೀವಲ್ಲ! ಯಂತ್ರದ ಐಸ್ ಬಂದು ಟ್ಯೂಡರನ ವ್ಯಾಪಾರ ಮುಳುಗಿತು, ಕಟ್ಟಡ ನಿಂತಿದೆ. ಅಧ್ಯಾಯವನ್ನು ಖಂಡಿತ ಓದಿ. ಓದಿ ಐಸ್ ಹೌಸಿಗೆ ಹೋದಾಗ, ರಸ್ತೆ ದಾಟಿ ದೋಣಿಗಳ ಕಡೆಗೂ ನಾಲ್ಕು ಹೆಜ್ಜೆ ಹಾಕಿ.